ವಿಭಾಗದ ಜಾಲದಲ್ಲಿ ಫೋಲ್ಡರ್ ಹಂಚಿಕೆ: ಅನುಮತಿ ಮತ್ತು ಭದ್ರತೆ

ಕನ್ನಡ ಐಚ್ಛಿಕ ವಿದ್ಯಾರ್ಥಿಗಳ ಅಧ್ಯಯನವು ಇಂದು ಮುದ್ರಿತ ಪುಸ್ತಕಕ್ಕಷ್ಟೇ ಸೀಮಿತವಾಗಿಲ್ಲ. ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿಕೊಂಡ ಪಾಡ್ದನಗಳು, ಹವ್ಯಕ ಕನ್ನಡದ ಮಾತುಕತೆ, ಯಕ್ಷಗಾನ ಪ್ರಸಂಗಗಳ ಹಳೆಯ ಪ್ರತಿಗಳ ಛಾಯಾಚಿತ್ರ, ಕಿರುಪ್ರಬಂಧಗಳ ಕರಡು ಇವೆಲ್ಲವೂ ಗಣಕಯಂತ್ರದಲ್ಲಿ ಸಂಗ್ರಹವಾಗುತ್ತಿವೆ. ಕಾಸರಗೋಡಿನಂತಹ ಗಡಿನಾಡಿನಲ್ಲಿ ಇಂತಹ ಸಾಮಗ್ರಿಯ ಎರಡನೆಯ ಪ್ರತಿ ಬೇರೆಡೆ ಇರುವುದೆಂಬ ಭರವಸೆಯಿಲ್ಲ. ಹಾಡಿದ ಅಜ್ಜಿ ಕಾಲವಾದ ಮೇಲೆ ಆ ಧ್ವನಿಯನ್ನು ಮತ್ತೊಮ್ಮೆ ಮುದ್ರಿಸಿಕೊಳ್ಳಲಾಗದು. ಆದುದರಿಂದ ಸಂಗ್ರಹವನ್ನು ಎಲ್ಲರೂ ಬಳಸುವಂತಿರಬೇಕು; ಯಾರ ಕೈತಪ್ಪಿನಿಂದಲೂ ಅದು ಅಳಿಯದಂತಿರಬೇಕು. ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯವೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

1. ಹಂಚಿಕೆಯ ಸ್ವರೂಪ

ಒಂದು ಗಣಕದಲ್ಲಿರುವ ಫೋಲ್ಡರನ್ನು ಅದೇ ಜಾಲದ ಇತರ ಗಣಕಗಳಿಂದಲೂ ತೆರೆಯುವಂತೆ ಮಾಡುವುದೇ ಹಂಚಿಕೆ. ಪೆನ್‌ಡ್ರೈವಿನಲ್ಲಿ ಕಡತಗಳನ್ನು ಒಯ್ಯುವಾಗ ಕೈಯಿಂದ ಕೈಗೆ ಹೊಸ ಪ್ರತಿಗಳು ಹುಟ್ಟುತ್ತವೆ. ಯಾವುದು ಮೂಲ, ಯಾವುದು ತಿದ್ದಿದ್ದು ಎಂಬುದು ತಿಳಿಯದಾಗುತ್ತದೆ. ಗ್ರಂಥಸಂಪಾದನೆಯನ್ನು ಓದಿದವರಿಗೆ ಪಾಠಾಂತರಗಳ ಈ ತೊಡಕು ಹೊಸದಲ್ಲ. ಹಂಚಿದ ಫೋಲ್ಡರಿನಲ್ಲಾದರೋ ಮೂಲವು ಒಂದೇ ಕಡೆ ಇದ್ದು, ಓದುವವರು ಮಾತ್ರ ಹಲವರಾಗಿರುತ್ತಾರೆ.

ವಿಂಡೋಸ್ ಗಣಕಗಳು ಇದಕ್ಕಾಗಿ ಬಳಸುವ ನಿಯಮಾವಳಿಯ ಹೆಸರು ಎಸ್‌ಎಂಬಿ. ಇದು 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ರೂಪುಗೊಂಡಿತು. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ 1991ರಲ್ಲಿ ಆರಂಭಿಸಿದ ಕೆಲಸವು ಮುಂದೆ ಸಾಂಬಾ ಎಂಬ ಮುಕ್ತ ತಂತ್ರಾಂಶವಾಗಿ ಬೆಳೆಯಿತು. ಲಿನಕ್ಸ್ ಮತ್ತು ವಿಂಡೋಸ್ ಗಣಕಗಳು ಪರಸ್ಪರ ಫೋಲ್ಡರ್ ಹಂಚಿಕೊಳ್ಳಲು ಅದು ನೆರವಾಗುತ್ತದೆ.

2. ಎರಡು ಹಂತದ ಅನುಮತಿ

ವಿಂಡೋಸಿನಲ್ಲಿ ಅನುಮತಿಗಳು ಎರಡು ಕಡೆ ನಿಗದಿಯಾಗುತ್ತವೆ. ಮೊದಲನೆಯದು ಹಂಚಿಕೆಯ ಅನುಮತಿ. ಇದು ಜಾಲದ ಮೂಲಕ ಬರುವವರಿಗೆ ಮಾತ್ರ ಅನ್ವಯಿಸುತ್ತದೆ. ಇದರಲ್ಲಿ ಓದು, ಬದಲಾವಣೆ, ಪೂರ್ಣ ನಿಯಂತ್ರಣ ಎಂಬ ಮೂರು ಮಟ್ಟಗಳಿವೆ. ಎರಡನೆಯದು ಎನ್‌ಟಿಎಫ್‌ಎಸ್ ಅನುಮತಿ. ಇದು ಡಿಸ್ಕಿನಲ್ಲಿರುವ ಫೋಲ್ಡರಿಗೇ ಸೇರಿದ್ದು, ಗಣಕದ ಎದುರು ಕುಳಿತವರಿಗೂ ಜಾಲದಿಂದ ಬಂದವರಿಗೂ ಅನ್ವಯಿಸುತ್ತದೆ.

ಜಾಲದಿಂದ ಬಂದವರಿಗೆ ಇವೆರಡರಲ್ಲಿ ಹೆಚ್ಚು ಬಿಗಿಯಾದುದೇ ಅನ್ವಯವಾಗುತ್ತದೆ. ಹಂಚಿಕೆಯಲ್ಲಿ ‘ಓದು’ ಎಂದೂ ಎನ್‌ಟಿಎಫ್‌ಎಸ್‌ನಲ್ಲಿ ‘ಪೂರ್ಣ ನಿಯಂತ್ರಣ’ ಎಂದೂ ಇದ್ದರೆ, ಜಾಲದ ಮೂಲಕ ಬರುವ ವಿದ್ಯಾರ್ಥಿ ಕಡತವನ್ನು ಓದಬಲ್ಲನೇ ಹೊರತು ಅಳಿಸಲಾರ. ಆದರೆ ಅದೇ ವಿದ್ಯಾರ್ಥಿ ಆ ಗಣಕದ ಮುಂದೆಯೇ ಕುಳಿತು ತನ್ನ ಹೆಸರಿನಿಂದ ಪ್ರವೇಶಿಸಿದರೆ ಅಳಿಸಬಲ್ಲ. ಹಂಚಿಕೆಯ ಅನುಮತಿಯೊಂದನ್ನೇ ನೆಚ್ಚಿದವರು ಎಡವುವುದು ಇಲ್ಲಿಯೇ.

3. ಗಮನಿಸಬೇಕಾದ ಬಾಗಿಲುಗಳು

ಅನುಮತಿಯ ಪಟ್ಟಿಯಲ್ಲಿ ‘ಎವ್ರಿಒನ್’ ಎಂಬ ಗುಂಪಿಗೆ ಬದಲಾವಣೆಯ ಹಕ್ಕನ್ನು ಕೊಡಬಾರದು. ಅಧ್ಯಾಪಕರಿಗೊಂದು, ವಿದ್ಯಾರ್ಥಿಗಳಿಗೊಂದು ಗುಂಪು ಮಾಡಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಇರಿಸಬೇಕು. ಇಡೀ ತರಗತಿಗೆ ಒಂದೇ ಪಾಸ್‌ವರ್ಡ್ ಆದರೆ ಕಡತವನ್ನು ಬದಲಿಸಿದವರು ಯಾರೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಫೋಲ್ಡರಿನ ಹಂಚಿಕೆ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಸೇರಿಸಿದರೆ ಅದು ಜಾಲದ ಪಟ್ಟಿಯಲ್ಲಿ ಕಾಣಿಸದು. ಇದು ಮರೆಯೇ ಹೊರತು ರಕ್ಷಣೆಯಲ್ಲ. ಹೆಸರು ಬಲ್ಲವರು ಆ ಹೆಸರನ್ನೇ ಬರೆದು ತೆರೆಯಲು ಯತ್ನಿಸಬಹುದು. ಬಸ್‌ನಿಲ್ದಾಣ, ಹೋಟೆಲುಗಳ ವೈಫೈಗೆ ಲ್ಯಾಪ್‌ಟಾಪನ್ನು ಜೋಡಿಸುವಾಗ ಜಾಲದ ಬಗೆಯನ್ನು ‘ಸಾರ್ವಜನಿಕ’ ಎಂದೇ ಆಯ್ದುಕೊಳ್ಳಬೇಕು. ಮನೆಯಿಂದ ವಿಭಾಗದ ಫೋಲ್ಡರನ್ನು ನೋಡಬೇಕಾದಾಗ ಎಸ್‌ಎಂಬಿ ಬಳಸುವ 445ನೆಯ ಪೋರ್ಟನ್ನು ಅಂತರಜಾಲಕ್ಕೆ ತೆರೆಯದೆ ವಿಪಿಎನ್ ಮೂಲಕವೇ ಬರಬೇಕು. 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಎಸ್‌ಎಂಬಿ 3ರಲ್ಲಿ ಸಾಗುವ ಮಾಹಿತಿಯನ್ನು ಗೂಢಲಿಪಿಗೊಳಿಸುವ ಸೌಲಭ್ಯವಿದೆ. ಗುಟ್ಟಾಗಿರಬೇಕಾದ ಫೋಲ್ಡರುಗಳಿಗೆ ಅದನ್ನು ಬಳಸುವುದು ಒಳಿತು.

4. ವಾನಾಕ್ರೈ ಕಲಿಸಿದ ಪಾಠ

2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶವು ಹಲವು ದೇಶಗಳ ಗಣಕಗಳಿಗೆ ಹರಡಿತು. ಅದು ಕಡತಗಳನ್ನು ಗೂಢಲಿಪಿಗೊಳಿಸಿ, ಬಿಡುಗಡೆಗೆ ಹಣ ಕೇಳುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳೂ ಅದಕ್ಕೆ ತುತ್ತಾದವು. ಎಸ್‌ಎಂಬಿಯ ಮೊದಲ ಆವೃತ್ತಿಯ ದೋಷವೊಂದರ ಮೂಲಕ ಅದು ಗಣಕದಿಂದ ಗಣಕಕ್ಕೆ ದಾಟುತ್ತಿತ್ತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ಪರಿಹಾರ ನೀಡಿತ್ತು. ಅದನ್ನು ಅಳವಡಿಸಿಕೊಳ್ಳದ ಗಣಕಗಳು ಅಪಾಯಕ್ಕೆ ತೆರೆದುಕೊಂಡೇ ಇದ್ದವು. ಹಳೆಯ ಆವೃತ್ತಿಯನ್ನು ನಿಷ್ಕ್ರಿಯಗೊಳಿಸುವುದು, ಪರಿಷ್ಕರಣೆಗಳನ್ನು ಮುಂದೂಡದಿರುವುದು ಇದರಿಂದ ದೊರೆವ ನೇರ ಪಾಠ. ಇನ್ನೊಂದು ಪಾಠವೂ ಇದೆ. ಇಂತಹ ಕುತಂತ್ರಾಂಶವು ಒಬ್ಬ ಬಳಕೆದಾರನ ಗಣಕವನ್ನು ಹೊಕ್ಕರೆ, ಅವನಿಗೆ ಬದಲಾಯಿಸುವ ಹಕ್ಕಿರುವ ಹಂಚಿದ ಫೋಲ್ಡರುಗಳನ್ನೂ ಕೆಡಿಸಬಲ್ಲುದು. ಆದ್ದರಿಂದ ಓದುವ ಹಕ್ಕನ್ನು ಉದಾರವಾಗಿ ಕೊಟ್ಟರೂ ಬರೆಯುವ ಹಕ್ಕನ್ನು ಅಳೆದು ಕೊಡಬೇಕು.

5. ವಿಭಾಗಕ್ಕೊಂದು ಮಾದರಿ

ಸಂಗ್ರಹವನ್ನು ನಾಲ್ಕು ಫೋಲ್ಡರುಗಳಾಗಿ ವಿಂಗಡಿಸಬಹುದು. ‘ಮೂಲ’ ಫೋಲ್ಡರಿನಲ್ಲಿ ಧ್ವನಿಮುದ್ರಿಕೆ, ಛಾಯಾಪ್ರತಿಗಳು. ವಿದ್ಯಾರ್ಥಿಗಳಿಗೆ ಓದಲು ಮಾತ್ರ ಅವಕಾಶ. ‘ಕೆಲಸ’ ಫೋಲ್ಡರಿನಲ್ಲಿ ಲಿಪ್ಯಂತರ, ಕರಡುಗಳು. ಆಯಾ ತಂಡಕ್ಕೆ ಬದಲಾವಣೆಯ ಹಕ್ಕು. ‘ಸಲ್ಲಿಕೆ’ಯಲ್ಲಿ ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕ ಒಳಫೋಲ್ಡರು. ‘ವಕ್ತೃವಿವರ’ದಲ್ಲಿ ಹಾಡಿದವರ, ಮಾತಾಡಿದವರ ಹೆಸರು, ವಿಳಾಸ, ಒಪ್ಪಿಗೆ ಪತ್ರ, ಇದು ಮಾರ್ಗದರ್ಶಕರಿಗೆ ಮಾತ್ರ. ನಮ್ಮನ್ನು ನಂಬಿ ಮನೆಯ ಮಾತನ್ನು ಹೇಳಿದವರ ಗುರುತನ್ನು ಕಾಯುವುದು ಸಂಶೋಧಕನ ಧರ್ಮ.

ಜಾಲದ ಮೂಲಕ ಅಳಿಸಿದ ಕಡತವು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗದೆ ನೇರವಾಗಿ ಅಳಿದುಹೋಗುತ್ತದೆ ಎಂಬುದು ನೆನಪಿರಲಿ. ಹಂಚಿಕೆಯು ಕಾಪುಪ್ರತಿಯ ಸ್ಥಾನವನ್ನು ತುಂಬಲಾರದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲೋ ಕಟ್ಟಡದಲ್ಲೋ ಎಂಬುದು ರೂಢಿಯ ನಿಯಮ. ಕಾಪುಪ್ರತಿಯ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಗಣಕದಿಂದ ಬಿಡಿಸಿಡಬೇಕು.

ಕೊನೆಯದಾಗಿ, ಹಂಚಿದ ಬರಹವು ಯುನಿಕೋಡಿನಲ್ಲಿರಲಿ. ಹಳೆಯ ಫಾಂಟುಗಳಲ್ಲಿ ಬರೆದುದು ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಬಾಗಿಲು ತೆರೆದರೂ ಓದಲಾಗದಿದ್ದರೆ ಹಂಚಿಕೆಗೆ ಅರ್ಥವಿಲ್ಲ.

ಅಭ್ಯಾಸ

1. ಹಂಚಿಕೆಯಲ್ಲಿ ‘ಬದಲಾವಣೆ’, ಎನ್‌ಟಿಎಫ್‌ಎಸ್‌ನಲ್ಲಿ ‘ಓದು’ ಎಂದಿದ್ದರೆ ಜಾಲದಿಂದ ಬರುವವನಿಗೆ ದೊರೆಯುವ ಹಕ್ಕು ಯಾವುದು? ಕಾರಣ ಕೊಡಿ.
2. ಮರೆಮಾಡುವುದಕ್ಕೂ ರಕ್ಷಿಸುವುದಕ್ಕೂ ಇರುವ ಅಂತರವನ್ನು ಉದಾಹರಣೆಯೊಂದಿಗೆ ವಿವರಿಸಿ.
3. ನಿಮ್ಮ ಕ್ಷೇತ್ರಕಾರ್ಯದ ಸಾಮಗ್ರಿಗೆ ಫೋಲ್ಡರುಗಳ ಯೋಜನೆಯೊಂದನ್ನು ಸಿದ್ಧಪಡಿಸಿ. ಯಾರಿಗೆ ಯಾವ ಹಕ್ಕು ಎಂಬುದನ್ನು ಸೂಚಿಸಿ.