ಬದುವಿನ ಓತಿಕ್ಯಾತ ಮತ್ತು ಅದರ ಮೊಟ್ಟೆಗಳ ರಕ್ಷಣೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರು ಭಾಗದಲ್ಲಿ, ಗದ್ದೆಯ ಬದುವಿನ ಮೇಲೆ ಓತಿಕ್ಯಾತವನ್ನು ಕಾಣದ ರೈತರಿಲ್ಲ. ಮಿಡತೆ, ಹುಳು, ಇರುವೆ, ಜೀರುಂಡೆಗಳೇ ಇದರ ಮುಖ್ಯ ಆಹಾರ. ಪೀಡೆಗಳ ಹತೋಟಿಯನ್ನು ಇದೊಂದೇ ಮಾಡಲಾರದು. ಆದರೆ ಕೂಲಿಯಿಲ್ಲದೆ ದುಡಿಯುವ ಈ ಜೀವಿಯನ್ನು ಕಳೆದುಕೊಳ್ಳುವುದು ನಷ್ಟವೇ ಸರಿ. ಇದಕ್ಕೆ ವಿಷವಿಲ್ಲ. ಗಂಡಿನ ಕೊರಳು ಕೆಂಪಾಗುವುದು ಬೆದೆಗಾಲದ ಬಣ್ಣ ಮಾತ್ರ.

ಮೊಟ್ಟೆ ಹೊತ್ತ ಹೆಣ್ಣಿನ ಗುರುತು

ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಇವು ಮೊಟ್ಟೆಯಿಡುತ್ತವೆ. ಹೆಣ್ಣಿನ ಹೊಟ್ಟೆ ಎರಡೂ ಬದಿಗೆ ಉಬ್ಬಿರುತ್ತದೆ, ಓಟ ನಿಧಾನವಾಗುತ್ತದೆ. ಹಸಿಯಾದ ಮೆದು ಮಣ್ಣನ್ನು ಅರಸಿ, ಮುಂಗಾಲುಗಳಿಂದ ಗುಣಿ ತೋಡಿ, ಸಾಮಾನ್ಯವಾಗಿ 10ರಿಂದ 20 ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಕೋಳಿಯಂತೆ ಕಾವು ಕೊಡುವುದಿಲ್ಲ. ಮಳೆ ತಡವಾಗಿ ನೆಲ ಒಣಗಿದ್ದರೆ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಹೆಚ್ಚು ದಿನ ತಡೆದಿಟ್ಟುಕೊಳ್ಳುತ್ತದೆ. ಆದ್ದರಿಂದ ಹುಡುಗರು ಇಂಥ ಹೆಣ್ಣನ್ನು ಹಿಡಿದು ಡಬ್ಬಿಯಲ್ಲಿಟ್ಟು ಸಾಕಲು ಹೋದರೆ, ಮಣ್ಣು ಸಿಗದೆ ಮೊಟ್ಟೆಗಳು ಹೊಟ್ಟೆಯಲ್ಲೇ ಉಳಿದು ತಾಯಿಯೂ ಸಾಯಬಹುದು. ಹಿಡಿದಲ್ಲಿಗೇ ಬಿಡಿಸುವುದು ಉತ್ತಮ.

ಮೊಟ್ಟೆಯ ಸ್ವಭಾವ

ಸಿಪ್ಪೆ ಮೆತ್ತಗೆ, ತೊಗಲಿನಂತಿರುತ್ತದೆ. ಮಣ್ಣಿನ ತೇವವನ್ನು ಹೀರಿ ಮೊಟ್ಟೆ ದೊಡ್ಡದಾಗುತ್ತದೆ. ಸುಮಾರು 6ರಿಂದ 7 ವಾರಗಳಲ್ಲಿ ಮರಿ ಹೊರಬರುತ್ತದೆ. ನೆಲ ಒಣಗಿದರೆ ಮೊಟ್ಟೆ ಸುಕ್ಕುಗಟ್ಟುತ್ತದೆ. ನೀರು ನಿಂತರೆ ಒಳಗಿನ ಪಿಂಡ ಉಸಿರುಕಟ್ಟಿ ಸಾಯುತ್ತದೆ. ಮಣ್ಣಿನ ಶಾಖಕ್ಕೆ ತಕ್ಕಂತೆ ಮರಿ ಗಂಡೋ ಹೆಣ್ಣೋ ಆಗುವುದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಹೀಗಾಗಿ ಮೊಟ್ಟೆಗಳನ್ನು ಮನೆಗೆ ತಂದು ಒಲೆಯ ಬಳಿ ಅಥವಾ ದೀಪದಡಿ ಇಡುವುದು ತಪ್ಪು.

ರೈತರು ಅನುಸರಿಸಬೇಕಾದ ಕ್ರಮಗಳು

1. ನಾಟಿಗೆ ಮುಂಚೆ ಬದು ಕೆತ್ತುವಾಗ ಎತ್ತರದ ಮೆದು ಮಣ್ಣಿನ ಒಂದು ಭಾಗವನ್ನು ಕೆತ್ತದೆ ಬಿಡಬೇಕು. ಕಾಲುವೆಯ ನೀರು ಅಲ್ಲಿಗೆ ಏರಬಾರದು.

2. ಗುದ್ದಲಿಗೆ ಮೊಟ್ಟೆ ಸಿಕ್ಕರೆ ಹೊರಳಿಸಬಾರದು. ಕೆಲವು ದಿನಗಳ ಮೊಟ್ಟೆಯಲ್ಲಿ ಪಿಂಡವು ಮೇಲ್ಭಾಗದ ಸಿಪ್ಪೆಗೆ ಅಂಟಿಕೊಂಡಿರುವುದರಿಂದ, ತಿರುವಿಟ್ಟರೆ ಸಾಯಬಹುದು. ಆದಷ್ಟೂ ಇದ್ದಲ್ಲೇ ಮತ್ತೆ ಮಣ್ಣು ಮುಚ್ಚಬೇಕು.

3. ಸ್ಥಳ ಬದಲಿಸಲೇಬೇಕಾದರೆ ಮೇಲ್ಮೈಗೆ ಪೆನ್ಸಿಲ್ ಗುರುತು ಹಾಕಿ, ಅದೇ ಬದಿ ಮೇಲಿರುವಂತೆ, ಸಮೀಪದ ನೆರಳಿನಲ್ಲಿ ನಾಲ್ಕು ಬೆರಳು ಆಳದಲ್ಲಿ ಇಡಬೇಕು. ಎರೆಮಣ್ಣು ಒಣಗಿದರೆ ಬಿರಿಯುವುದರಿಂದ ಮರಳು ಬೆರೆಸಬೇಕು. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು.

4. ಬದುವಿನ ಮೇಲೆ ಕೀಟನಾಶಕ ಸಿಂಪಡಿಸಬಾರದು, ಕಸಕ್ಕೆ ಬೆಂಕಿ ಹಚ್ಚಬಾರದು.

ಉಡದ ವಿಷಯ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅದು ಸೇರಿದೆ. ಅದನ್ನು ಹಿಡಿಯುವುದು, ಸಾಕುವುದು, ಮೊಟ್ಟೆ ಕೆಡಿಸುವುದು ಎಲ್ಲವೂ ಅಪರಾಧ. ಹುತ್ತ ಅಗೆಯುವಾಗ ಅದರ ಮೊಟ್ಟೆ ಕಂಡರೆ ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸಬೇಕು.

ಒಂದು ಮಾರು ಬದುವನ್ನು ಎರಡು ತಿಂಗಳು ಕೆತ್ತದೆ ಬಿಡುವುದರಿಂದ ರೈತನಿಗೆ ಖರ್ಚಿಲ್ಲ. ಹತ್ತಾರು ಮರಿಗಳಿಗೆ ಮಾತ್ರ ಅದು ಬದುಕಿನ ಪ್ರಶ್ನೆ.