ಮನೆಯೊಳಗೊಂದು ಸಂಗೀತ ಭಂಡಾರ

ಅಂತಿಮ ಬಿ.ಎ. ವಿದ್ಯಾರ್ಥಿನಿ

ಹಾಡುಗಳನ್ನು ಕೂಡಿಡುವುದು ಒಂದು ಕೆಲಸ. ಕೂಡಿಟ್ಟ ಹಾಡು ಬೇಕಾದವರ ಕಿವಿಗೆ ಬೇಕಾದ ಹೊತ್ತಿನಲ್ಲಿ ಮುಟ್ಟುವಂತೆ ಮಾಡುವುದು ಇನ್ನೊಂದು. ಇಂದು ತಿಂಗಳ ಬಾಡಿಗೆಗೆ ಲಕ್ಷಾಂತರ ಹಾಡುಗಳನ್ನು ಕೇಳಿಸುವ ಕಂಪೆನಿಗಳುಂಟು. ಆದರೆ ಅಲ್ಲಿ ಎಷ್ಟು ಹುಡುಕಿದರೂ ದೊರೆಯದ ಹಾಡುಗಳೂ ಉಂಟು. ನಮ್ಮ ಅಜ್ಜಿ ಮದುವೆಮನೆಗಳಲ್ಲಿ ಹೇಳುತ್ತಿದ್ದ ಸೋಬಾನೆ ಪದಗಳು ಯಾವ ಕಂಪೆನಿಯ ಪಟ್ಟಿಯಲ್ಲಿಯೂ ಇಲ್ಲ. ಅವು ಇರುವುದು ನಮ್ಮ ತಂದೆಯವರು ಹೊಲಿಗೆ ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿಟ್ಟ ಎರಡು ಕ್ಯಾಸೆಟ್ಟುಗಳಲ್ಲಿ ಮಾತ್ರ. ಅಜ್ಜಿ ಈಗಿಲ್ಲ. ಆ ಪದಗಳನ್ನು ಪೂರ್ತಿಯಾಗಿ ಬಲ್ಲವರು ನಮ್ಮ ಓಣಿಯಲ್ಲಿಯೂ ಉಳಿದಿಲ್ಲ. ಇಂಥ ಸಂಗ್ರಹವನ್ನು ಉಳಿಸಿ, ಮನೆಯವರೆಲ್ಲರೂ ಕೇಳುವಂತೆ ಮಾಡುವ ಬಗೆ ಹೇಗೆಂಬುದೇ ಈ ಲೇಖನದ ವಿಷಯ. ಇದಕ್ಕೆ ವಿಜ್ಞಾನದ ಪದವಿ ಬೇಕಿಲ್ಲ. ಇತಿಹಾಸವನ್ನು ಓದುತ್ತಿರುವ ನಾನು ಮನೆಯಲ್ಲಿ ಮಾಡಿ ನೋಡಿದ ಕ್ರಮವನ್ನೇ ಇಲ್ಲಿ ವಿವರಿಸಿದ್ದೇನೆ.

೧. ಪೆಟ್ಟಿಗೆ

ಮೊದಲು ‘ನ್ಯಾಸ್’ ಎಂದರೇನೆಂಬುದನ್ನು ತಿಳಿಯೋಣ. ಮನೆಯ ರೌಟರಿಗೆ ತಂತಿಯಿಂದ ಜೋಡಿಸಿದ, ಹಗಲಿರುಳೂ ಎಚ್ಚರವಾಗಿರುವ ಹಾರ್ಡ್ ಡಿಸ್ಕಿನ ಪೆಟ್ಟಿಗೆಯೇ ನ್ಯಾಸ್. ಮನೆಯ ಫೋನುಗಳೂ ಕಂಪ್ಯೂಟರುಗಳೂ ಅದರಲ್ಲಿರುವುದನ್ನು ವೈಫೈ ಮೂಲಕ ಪಡೆಯಬಹುದು. ಸಿನಾಲಜಿ, ಕ್ಯೂನ್ಯಾಪ್ ಮೊದಲಾದ ಕಂಪೆನಿಗಳು ಸಿದ್ಧ ಪೆಟ್ಟಿಗೆಗಳನ್ನು ಮಾರುತ್ತವೆ. ಅಷ್ಟು ಹಣ ತೆರಲಾರದವರು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದನ್ನೇ ಈ ಕೆಲಸಕ್ಕೆ ಬಳಸಬಹುದು. ನಮ್ಮ ಮನೆಯಲ್ಲಿರುವುದು ಅಂಥದೇ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು. ಅದರೊಳಗೆ ಒಂದು ಟೆರಾಬೈಟಿನ ಡಿಸ್ಕು.

ಇಷ್ಟು ಜಾಗ ಸಾಕೇ ಎಂಬ ಸಂದೇಹ ಬರಬಹುದು. ಲೆಕ್ಕ ಮಾಡಿ ನೋಡೋಣ. ಸಿ.ಡಿ.ಯ ಗುಣಮಟ್ಟದಲ್ಲಿ ಶಬ್ದವನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿ ಅಳತೆಯನ್ನೂ ೧೬ ಬಿಟ್ಟುಗಳಲ್ಲಿ, ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ ಬರೆಯುತ್ತಾರೆ. ಹೀಗೆ ಒಂದು ಗಂಟೆಯ ಸಂಗೀತಕ್ಕೆ ಸುಮಾರು ೬೩೫ ಮೆಗಾಬೈಟು ಬೇಕು. ೨೦೦೧ರಲ್ಲಿ ಹೊರಬಂದ ‘ಫ್ಲ್ಯಾಕ್’ ಎಂಬ ಕ್ರಮವು ಇದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಆ ಲೆಕ್ಕದಲ್ಲಿ ಒಂದು ಟೆರಾಬೈಟಿನಲ್ಲಿ ಸುಮಾರು ೩,೦೦೦ ಗಂಟೆಗಳ ಸಂಗೀತ ಹಿಡಿಸುವುದು. ಸಾಧಾರಣ ಸಂಸಾರಕ್ಕೆ ಇದು ಧಾರಾಳವಾಯಿತು.

ಫ್ಲ್ಯಾಕಿಗೂ ಎಂಪಿತ್ರಿಗೂ ಇರುವ ಭೇದವನ್ನು ದರ್ಜಿಯ ಮಗಳಾದ ನಾನು ಹೀಗೆ ತಿಳಿದುಕೊಂಡಿದ್ದೇನೆ. ಫ್ಲ್ಯಾಕ್ ಬಟ್ಟೆಯನ್ನು ಮಡಿಸಿಟ್ಟಂತೆ. ಬಿಚ್ಚಿದರೆ ಅಳತೆ ಮೊದಲಿನಷ್ಟೇ. ಎಂಪಿತ್ರಿ, ಕಿವಿಗೆ ತಿಳಿಯಲಾರದೆಂದು ಬಗೆದ ಭಾಗವನ್ನು ಕತ್ತರಿಸಿದಂತೆ. ಕತ್ತರಿಸಿದ್ದು ಮರಳಿ ಬಾರದು. ಆದುದರಿಂದ ಮೂಲಪ್ರತಿಯನ್ನು ಯಾವಾಗಲೂ ಫ್ಲ್ಯಾಕಿನಲ್ಲಿಯೇ ಇಡತಕ್ಕದ್ದು.

೨. ಕ್ಯಾಸೆಟ್ಟಿನಿಂದ ಡಿಸ್ಕಿಗೆ

ಫಿಲಿಪ್ಸ್ ಕಂಪೆನಿ ೧೯೬೩ರಲ್ಲಿ ಬಳಕೆಗೆ ತಂದ ಕ್ಯಾಸೆಟ್ಟು ಕಾಲಕ್ರಮದಲ್ಲಿ ಸವೆಯುವ ವಸ್ತು. ಕೆಲಸಕ್ಕೆ ಮೊದಲು ಅದರ ಬೆನ್ನಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದರೆ, ಕೈತಪ್ಪಿ ಅದರ ಮೇಲೆ ಬೇರೇನಾದರೂ ಮುದ್ರಣವಾಗುವ ಭಯವಿರುವುದಿಲ್ಲ. ಪ್ಲೇಯರಿನಿಂದ ಕಂಪ್ಯೂಟರಿನ ಲೈನ್-ಇನ್ ರಂಧ್ರಕ್ಕೆ ತಂತಿ ಎಳೆದು, ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಬೇಕು. ಧ್ವನಿಮಟ್ಟದ ಗೆರೆ ತುದಿಯನ್ನು ಮುಟ್ಟಬಾರದು. ಮುಟ್ಟಿದರೆ ದನಿ ಒಡೆಯುತ್ತದೆ. ಇಲ್ಲಿ ಅವಸರಕ್ಕೆ ಎಡೆಯಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು.

೩. ಹೆಸರಿಡುವ ಕೆಲಸ

ಯಂತ್ರದ ಕೆಲಸ ಒಂದು ಭಾನುವಾರದಲ್ಲಿ ಮುಗಿದೀತು. ಹೆಸರಿಡುವ ಕೆಲಸಕ್ಕೆ ತಿಂಗಳುಗಳೇ ಬೇಕು. ಪ್ರತಿ ಫೈಲಿನೊಳಗೂ ಹಾಡಿನ ಹೆಸರು, ಹಾಡಿದವರು, ರಚಿಸಿದವರು, ಸಂಪುಟ, ವರ್ಷ ಇವುಗಳನ್ನು ಬರೆಯಲು ಸ್ಥಳವಿದೆ. ಇದಕ್ಕೆ ‘ಟ್ಯಾಗ್’ ಎಂದು ಹೆಸರು. ಭೀಮಸೇನ ಜೋಶಿಯವರು ಹಾಡಿದ ದಾಸರ ಪದದಲ್ಲಿ ಗಾಯಕರು ಜೋಶಿಯವರು, ರಚಿಸಿದವರು ಪುರಂದರದಾಸರು. ಎರಡನ್ನೂ ಬೇರೆ ಬೇರೆ ಮನೆಗಳಲ್ಲಿ ತುಂಬಿದರೆ ಯಾವ ದಾರಿಯಿಂದ ಹುಡುಕಿದರೂ ಹಾಡು ಸಿಗುತ್ತದೆ. ಕಾಗುಣಿತದಲ್ಲಿ ಏಕರೂಪತೆ ಇರಬೇಕು. ‘ಅಶ್ವತ್ಥ್’ ಎಂದು ಒಂದೆಡೆ, ‘ಅಶ್ವಥ್’ ಎಂದು ಇನ್ನೊಂದೆಡೆ ಬರೆದರೆ ಯಂತ್ರವು ಒಬ್ಬ ಗಾಯಕರನ್ನು ಇಬ್ಬರನ್ನಾಗಿ ಮಾಡುತ್ತದೆ. ಹಲವರು ಹಾಡಿದ ಸಂಪುಟವಾದರೆ ‘ಸಂಪುಟದ ಕಲಾವಿದರು’ ಎಂಬ ಮನೆಯಲ್ಲಿ ಎಲ್ಲ ಹಾಡಿಗೂ ‘ವಿವಿಧ ಗಾಯಕರು’ ಎಂದೇ ಬರೆಯತಕ್ಕದ್ದು. ಇಲ್ಲವಾದರೆ ಒಂದು ಸಂಪುಟ ಹತ್ತು ಚೂರಾಗಿ ಕಾಣುವುದು.

ಅಚ್ಚಾಗಿ ಮಾರಾಟವಾದ ಸಂಗೀತಕ್ಕೆ ‘ಪಿಕಾರ್ಡ್’ ಎಂಬ ತಂತ್ರಾಂಶವು ಎಷ್ಟೋ ಹೆಸರುಗಳನ್ನು ತಾನೇ ತಂದುಕೊಡುತ್ತದೆ. ಅಜ್ಜಿಯ ಪದಗಳಿಗೆ ಅಂಥ ಪಟ್ಟಿ ಎಲ್ಲಿದೆ? ಓದು ಬರಹ ಅರಿಯದ ನಮ್ಮ ತಾಯಿ ಪಕ್ಕದಲ್ಲಿ ಕುಳಿತು ಹೇಳಿದರು, ನಾನು ಬರೆದೆ. ಇದು ಹಸೆಗೆ ಕರೆಯುವಾಗಿನ ಪದ, ಇದು ಹೆಣ್ಣು ಒಪ್ಪಿಸುವಾಗಿನದು, ಸೊಲ್ಲು ಹಿಡಿದಿರುವವಳು ಸೋದರತ್ತೆ ಎಂದು ಅವರು ದನಿಯಿಂದಲೇ ಗುರುತಿಸಿದರು. ಎರಡನೆಯ ಕ್ಯಾಸೆಟ್ಟಿನಲ್ಲಿ ಒಂದು ದನಿ ಮಾತ್ರ ಅವರಿಗೂ ಗೊತ್ತಾಗಲಿಲ್ಲ. ಅದನ್ನು ಬಲ್ಲವರು ಅಜ್ಜಿಯೊಬ್ಬರೇ. ಆ ಫೈಲಿನಲ್ಲಿ ‘ಹೆಸರು ತಿಳಿಯದ ದನಿ’ ಎಂದು ಬರೆದಿದ್ದೇನೆ. ಹಾಡನ್ನು ಎಷ್ಟು ಪ್ರತಿಯಾದರೂ ಮಾಡಬಹುದು; ಹಾಡಿದವರ ಹೆಸರನ್ನು ಬದುಕಿರುವವರಿಂದ ಮಾತ್ರ ಪಡೆಯಬಹುದು.

೪. ಸರ್ವರು

ಹೆಸರುಗಳು ಸಿದ್ಧವಾದ ಮೇಲೆ ಸರ್ವರ್ ತಂತ್ರಾಂಶವನ್ನು ಹೂಡಬೇಕು. ಪುಸ್ತಕಭಂಡಾರದಲ್ಲಿ ಸೂಚಿ ನೋಡಿ ಪುಸ್ತಕ ತೆಗೆದುಕೊಡುವ ಗ್ರಂಥಪಾಲಕರ ಕೆಲಸವೇ ಇದರದು. ನಾನು ಆರಿಸಿದ್ದು ‘ನ್ಯಾವಿಡ್ರೋಮ್’ ಎಂಬ ಉಚಿತ ತಂತ್ರಾಂಶ. ಹಳೆಯ ಕಂಪ್ಯೂಟರಿಗೂ ಇದು ಭಾರವಲ್ಲ. ಇದನ್ನು ‘ಡಾಕರ್’ ಎಂಬ ವ್ಯವಸ್ಥೆಯೊಳಗೆ ನಡೆಸುವುದು ಸುಲಭ. ಅದಕ್ಕೆ ಎರಡು ಫೋಲ್ಡರುಗಳನ್ನು ತೋರಿಸಬೇಕು: ಒಂದು ಸಂಗೀತದ್ದು, ಇನ್ನೊಂದು ಅದು ತನ್ನ ಸೂಚಿಯನ್ನು ಬರೆದುಕೊಳ್ಳುವುದು. ಮೊದಲನೆಯದಕ್ಕೆ ಓದುವ ಅನುಮತಿಯನ್ನು ಮಾತ್ರ ಕೊಟ್ಟರೆ ಸರ್ವರಿನ ದೋಷದಿಂದ ಮೂಲಪ್ರತಿಗೆ ಅಪಾಯವಿಲ್ಲ.

ಆ ಬಳಿಕ ಬ್ರೌಸರಿನಲ್ಲಿ ಪೆಟ್ಟಿಗೆಯ ವಿಳಾಸವನ್ನೂ ೪೫೩೩ ಎಂಬ ಬಾಗಿಲ ಸಂಖ್ಯೆಯನ್ನೂ ಬರೆದರೆ ಭಂಡಾರ ತೆರೆಯುತ್ತದೆ. ಮೊದಲು ತೆರೆದವರೇ ಮೇಲ್ವಿಚಾರಕರಾಗುವರು. ಆದುದರಿಂದ ಹೂಡಿದ ಕೂಡಲೇ ನಾವೇ ತೆರೆದು ಗುಪ್ತಪದ ಇಡಬೇಕು. ಪೆಟ್ಟಿಗೆಯ ವಿಳಾಸ ಬದಲಾಗದಂತೆ ರೌಟರಿನಲ್ಲಿ ಕಾಯ್ದಿರಿಸುವುದೂ, ಕರೆಂಟು ಹೋಗಿ ಬಂದಾಗ ಕಂಪ್ಯೂಟರು ತಾನಾಗಿಯೇ ಏಳುವಂತೆ ಬಯಾಸಿನಲ್ಲಿ ಹೊಂದಿಸುವುದೂ ಅವಶ್ಯ. ಇಂಟರ್ನೆಟ್ಟು ನಿಂತರೂ ಮನೆಯೊಳಗಿನ ಹಾಡು ನಿಲ್ಲುವುದಿಲ್ಲವೆಂಬುದು ಈ ಏರ್ಪಾಡಿನ ಒಂದು ದೊಡ್ಡ ಗುಣ.

ಫೋನಿನಲ್ಲಿ ಕೇಳಲು, ‘ಸಬ್‌ಸಾನಿಕ್’ ಎಂಬ ಸಂವಾದಕ್ರಮವನ್ನು ಬಲ್ಲ ಸಬ್‌ಸ್ಟ್ರೀಮರ್, ಆಂಪರ್ಫೈ ಮುಂತಾದ ಆ್ಯಪುಗಳಿವೆ. ಪ್ರತಿ ಸಂಪುಟಕ್ಕೂ ಒಂದು ಚಿತ್ರವನ್ನು ಸೇರಿಸಬಹುದು. ನಾನು ಅಜ್ಜಿಯ ಪದಗಳಿಗೆ ಅಜ್ಜಿಯ ಭಾವಚಿತ್ರವನ್ನೇ ಸೇರಿಸಿದ್ದೇನೆ. ಅಕ್ಷರ ಬಾರದ ತಾಯಿ ಈಗ ಯಾರನ್ನೂ ಕೇಳದೆ, ಚಿತ್ರವನ್ನು ಒತ್ತಿ ತಮಗೆ ಬೇಕಾದ ಪದವನ್ನು ಕೇಳುತ್ತಾರೆ. ಓದಿದವರಿಗೆ ಮಾತ್ರ ತೆರೆಯುವ ಭಂಡಾರವನ್ನು ಮನೆಯ ಭಂಡಾರವೆನ್ನಲಾಗದು.

೫. ಊರ ಹೊರಗಿನಿಂದ

ಹೊಸಪೇಟೆಗೆ ಮದುವೆಯಾಗಿ ಹೋದ ಅಕ್ಕನಿಗೂ ಈ ಪದಗಳು ಬೇಕಲ್ಲವೆ? ರೌಟರಿನ ಬಾಗಿಲನ್ನು ಲೋಕಕ್ಕೆಲ್ಲ ತೆರೆದಿಡುವುದು ಕ್ಷೇಮವಲ್ಲ. ಮೇಲಾಗಿ ಎಷ್ಟೋ ಮನೆಗಳ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ವಿಳಾಸವೇ ಇರುವುದಿಲ್ಲ. ‘ಟೇಲ್‌ಸ್ಕೇಲ್’ ಎಂಬುದನ್ನು ಪೆಟ್ಟಿಗೆಯಲ್ಲಿಯೂ ಅಕ್ಕನ ಫೋನಿನಲ್ಲಿಯೂ ಹಾಕಿದರೆ, ಅವೆರಡರ ನಡುವೆ ಗೂಢಲಿಪಿಯ ಖಾಸಗಿ ದಾರಿ ಏರ್ಪಡುತ್ತದೆ. ಮೊಬೈಲ್ ಡೇಟಾ ಉಳಿಸಲು, ಸರ್ವರು ಕಳುಹಿಸುವಾಗಲೇ ಹಾಡನ್ನು ಕಿರಿದುಗೊಳಿಸುವಂತೆ ಹೇಳಬಹುದು. ಸೆಕೆಂಡಿಗೆ ೧೨೮ ಕಿಲೋಬಿಟ್ಟಿನ ವೇಗದಲ್ಲಿ ಒಂದು ಗಂಟೆಗೆ ೫೮ ಮೆಗಾಬೈಟೂ ತಗಲದು. ಡಿಸ್ಕಿನಲ್ಲಿರುವ ಮೂಲಪ್ರತಿ ಮಾತ್ರ ಹಾಗೆಯೇ ಉಳಿಯುತ್ತದೆ.

೬. ಎರಡು ಎಚ್ಚರಿಕೆಗಳು

ಮೊದಲನೆಯದು: ಡಿಸ್ಕು ಎಂದಾದರೂ ಕೆಡುವ ವಸ್ತುವೇ. ಒಂದು ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳನ್ನು ಜೋಡಿಯಾಗಿ ಇಟ್ಟರೂ, ಕೈತಪ್ಪಿ ಅಳಿಸಿದ್ದು ಎರಡರಲ್ಲಿಯೂ ಅಳಿಯುತ್ತದೆ. ಸಿಡಿಲು ಎರಡನ್ನೂ ಹೊಡೆಯಬಹುದು. ಆದುದರಿಂದ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಬೇರೊಂದು ಮನೆಯಲ್ಲಿರಲಿ. ನಮ್ಮ ಒಂದು ಪ್ರತಿ ಅಕ್ಕನ ಮನೆಯಲ್ಲಿದೆ. ಕ್ಯಾಸೆಟ್ಟುಗಳನ್ನೂ ಎಸೆದಿಲ್ಲ.

ಎರಡನೆಯದು: ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಅಧಿನಿಯಮದಂತೆ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ ೬೦ ವರ್ಷ ಇರುತ್ತದೆ. ಹಣ ಕೊಟ್ಟು ಕೊಂಡ ಸಂಗೀತವನ್ನು ಮನೆಯವರು ಕೇಳುವುದು ಬೇರೆ. ಊರಿಗೆಲ್ಲ ಹಂಚುವುದು ಬೇರೆ.

ಸಹಪಾಠಿಗಳಲ್ಲಿ ನನ್ನ ವಿನಂತಿಯಿಷ್ಟೆ. ಕೋಲಾಟದ ಪದವೋ, ಬೀಸುವ ಪದವೋ, ಊರ ಭಜನೆಯ ಮೇಳವೋ ತುಂಬಿದ ಕ್ಯಾಸೆಟ್ಟುಗಳು ನಮ್ಮಲ್ಲಿ ಹಲವರ ಮನೆಯ ಅಟ್ಟದ ಮೇಲೆ ಇದ್ದಾವು. ಡಿಸ್ಕನ್ನು ಮುಂದಿನ ವರ್ಷವೂ ಕೊಳ್ಳಬಹುದು, ಸರ್ವರನ್ನು ಅದರ ಮುಂದಿನ ವರ್ಷವೂ ಹೂಡಬಹುದು. ಆದರೆ ಈ ಬೇಸಗೆಯ ರಜೆಯಲ್ಲಿಯೇ ಒಂದು ನೋಟುಪುಸ್ತಕ ಹಿಡಿದು ಹಿರಿಯರ ಬಳಿ ಕುಳಿತು, ಹಾಡಿದವರು ಯಾರು, ಯಾವ ಊರಿನವರು, ಯಾವ ಹೊತ್ತಿನ ಪದ ಎಂಬುದನ್ನು ಬರೆದುಕೊಳ್ಳಿರಿ. ಭಂಡಾರಕ್ಕೆ ಅದೇ ಬೀಗದ ಕೈ.