ಸಹಿ ಹಾಕಿದ ಮಾತ್ರಕ್ಕೆ ಸಮ್ಮತಿಯೇ?

ಪರಸ್ಪರರ ಒಪ್ಪಿಗೆಯಿಂದ ನಡೆಯುವ ವ್ಯಾಪಾರವನ್ನು ಅಲ್ಲಾಹನು ಧರ್ಮಸಮ್ಮತಗೊಳಿಸಿದ್ದಾನೆ. ಅನ್ಯಾಯವಾಗಿ ಇನ್ನೊಬ್ಬರ ಸೊತ್ತನ್ನು ಕಬಳಿಸುವುದನ್ನು ನಿಷೇಧಿಸಿದ್ದಾನೆ. ಸೂರಃ ಅನ್ನಿಸಾದ 29ನೆಯ ಸೂಕ್ತವು ಇವೆರಡನ್ನೂ ಜೊತೆಯಾಗಿಯೇ ತಿಳಿಸುತ್ತದೆ. ಒಪ್ಪಿಗೆ ಎಂದರೇನು? ಕಾಗದದ ಅಡಿಯಲ್ಲಿ ಸಹಿ ಬಿದ್ದರೆ ಸಾಕೇ? ಅಥವಾ ತಾನು ಯಾವುದಕ್ಕೆ ಎಷ್ಟು ತೆರುತ್ತಿದ್ದೇನೆಂಬುದು ಸಹಿ ಹಾಕುವವನಿಗೆ ತಿಳಿದಿರಬೇಕೇ? ಇದನ್ನು ಅರಿಯಲು ಅಮೆರಿಕದ ಕಾರು ಮಾರಾಟದ ಒಂದು ಪದ್ಧತಿಯನ್ನು ನೋಡೋಣ.

ಮರೆಯಲ್ಲಿರುವ ಲಾಭ

ಅಲ್ಲಿ ಕಾರು ಕೊಳ್ಳುವ ಅನೇಕರು ಸಾಲಕ್ಕಾಗಿ ಬ್ಯಾಂಕಿಗೆ ಹೋಗುವುದಿಲ್ಲ. ಕಾರು ಮಾರುವ ಡೀಲರನೇ ಸಾಲದ ಏರ್ಪಾಡು ಮಾಡುತ್ತಾನೆ. ಗಿರಾಕಿಯ ವಿವರಗಳನ್ನು ಅವನು ಬ್ಯಾಂಕಿಗೆ ಕಳಿಸುತ್ತಾನೆ. ಇಷ್ಟು ಶೇಕಡಾ ಬಡ್ಡಿಗೆ ಸಾಲ ಕೊಡಬಹುದೆಂದು ಬ್ಯಾಂಕು ಅವನಿಗೆ ತಿಳಿಸುತ್ತದೆ. ಡೀಲರನು ಆ ದರವನ್ನು ಗಿರಾಕಿಗೆ ಹೇಳಬೇಕಾಗಿಲ್ಲ. ಅದಕ್ಕೆ ಒಂದೋ ಎರಡೋ ಶೇಕಡಾ ಸೇರಿಸಿ ಹೇಳುತ್ತಾನೆ. ಹೀಗೆ ಸೇರಿಸಿದ್ದರ ದೊಡ್ಡ ಪಾಲು ಅವನಿಗೇ ಸಂದಾಯವಾಗುತ್ತದೆ.

ಲೆಕ್ಕ ಹಾಕಿ ನೋಡಿ. 20,000 ಡಾಲರ್ ಸಾಲವನ್ನು 5 ವರ್ಷಗಳಲ್ಲಿ ತೀರಿಸಬೇಕು. ಬ್ಯಾಂಕು ಹೇಳಿದ ದರ ಶೇಕಡಾ 6 ಆಗಿದ್ದರೆ ತಿಂಗಳ ಕಂತು ಸುಮಾರು 387 ಡಾಲರ್. ಡೀಲರನು ಅದನ್ನು ಶೇಕಡಾ 8 ಮಾಡಿದರೆ ಕಂತು ಸುಮಾರು 406 ಡಾಲರ್. ತಿಂಗಳಿಗೆ 19 ಡಾಲರ್ ಮಾತ್ರ ಹೆಚ್ಚು. ಗಿರಾಕಿಗೆ ಅದು ಅರಿವಿಗೂ ಬರುವುದಿಲ್ಲ. ಆದರೆ 60 ಕಂತುಗಳು ಮುಗಿಯುವಾಗ ಅವನ ಕೈಯಿಂದ 1,100 ಡಾಲರಿಗಿಂತಲೂ ಹೆಚ್ಚು ಹಣ ಸುಮ್ಮನೆ ಹೋಗಿರುತ್ತದೆ. ಕಾರಿನ ಬೆಲೆಯ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ಮಾಡಿದವನು ಬಡ್ಡಿಯ ದರದ ಮೇಲೂ ಚೌಕಾಸಿ ಮಾಡಬಹುದಿತ್ತೆಂದು ತಿಳಿಯದೆಯೇ ಮನೆಗೆ ಮರಳುತ್ತಾನೆ.

ಈ ಹೆಚ್ಚಳ ಎಲ್ಲರ ಮೇಲೂ ಸಮಾನವಾಗಿ ಬೀಳುವುದಿಲ್ಲ. 2013ರ ಡಿಸೆಂಬರಿನಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಇಲಾಖೆಯೂ ನ್ಯಾಯ ಇಲಾಖೆಯೂ ಆಲಿ ಎಂಬ ಸಾಲ ಸಂಸ್ಥೆಯ ಮೇಲೆ ಕ್ರಮ ಕೈಗೊಂಡವು. ಅದರ ಸಾಲಗಳಲ್ಲಿ ಕರಿಯರು, ಹಿಸ್ಪಾನಿಕರು ಮತ್ತು ಏಷ್ಯಾ ಮೂಲದವರಾದ ಸುಮಾರು 2,35,000 ಮಂದಿ ಬಿಳಿಯರಿಗಿಂತ ಹೆಚ್ಚು ಬಡ್ಡಿ ತೆತ್ತಿದ್ದರೆಂದು ಇಲಾಖೆಗಳು ಹೇಳಿದವು. ಡೀಲರರು ತಮ್ಮ ಇಚ್ಛೆಯಂತೆ ದರ ಏರಿಸಲು ಬಿಟ್ಟದ್ದೇ ಇದಕ್ಕೆ ಕಾರಣವೆಂದೂ ಹೇಳಿದವು. ಸಂಸ್ಥೆಯು 8 ಕೋಟಿ ಡಾಲರ್ ಪರಿಹಾರವನ್ನೂ 1.8 ಕೋಟಿ ಡಾಲರ್ ದಂಡವನ್ನೂ ಕೊಡಲು ಒಪ್ಪಿತು. ಆದರೆ ಈ ಕ್ರಮಗಳಿಗೆ ಹಿನ್ನೆಲೆಯಾಗಿದ್ದ ಮಾರ್ಗಸೂಚಿಯನ್ನು 2018ರಲ್ಲಿ ಅಮೆರಿಕದ ಸಂಸತ್ತು ರದ್ದುಗೊಳಿಸಿತು. ಬ್ರಿಟನ್ನಿನಲ್ಲಾದರೋ, ಬಡ್ಡಿ ಏರಿಸಿದಷ್ಟೂ ಡೀಲರನ ಕಮಿಷನ್ ಏರುವ ಪದ್ಧತಿಯನ್ನು 2021ರ ಜನವರಿಯಲ್ಲಿ ನಿಷೇಧಿಸಲಾಯಿತು. ಮನುಷ್ಯರ ಕಾನೂನು ಒಂದೆಡೆ ಬಿಗಿಯಾಗುತ್ತದೆ, ಇನ್ನೊಂದೆಡೆ ಸಡಿಲವಾಗುತ್ತದೆ. ಅಲ್ಲಾಹನ ಕಾನೂನು ಹಾಗಲ್ಲ.

ಎರಡು ಪಾಪಗಳು

ಇಲ್ಲಿ ಮೊದಲನೆಯ ಪಾಪ ಬಡ್ಡಿ. ಅದನ್ನು ಬಿಡದವರೊಂದಿಗೆ ಅಲ್ಲಾಹನೂ ಅವನ ಸಂದೇಶವಾಹಕರೂ ಯುದ್ಧ ಸಾರಿರುವರೆಂದು ಸೂರಃ ಅಲ್‌ಬಕರಃ ಎಚ್ಚರಿಸುತ್ತದೆ. ತಿನ್ನುವವನು, ತಿನ್ನಿಸುವವನು, ಪತ್ರ ಬರೆಯುವವನು, ಸಾಕ್ಷಿ ನಿಲ್ಲುವವರು ಎಲ್ಲರೂ ಪಾಪದಲ್ಲಿ ಸಮಾನರೆಂದು ಪ್ರವಾದಿವರ್ಯರು(ಸ) ತಿಳಿಸಿರುವುದನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ. ಕಂತಿನಲ್ಲಿ ಮಾರುವುದೇ ತಪ್ಪೆಂದು ಇದರರ್ಥವಲ್ಲ. ತನ್ನ ಒಡೆತನದ ವಸ್ತುವನ್ನು ಒಂದು ನಿಶ್ಚಿತ ಬೆಲೆಗೆ ಕಂತಿನಲ್ಲಿ ಮಾರುವುದನ್ನು ಹೆಚ್ಚಿನ ಕರ್ಮಶಾಸ್ತ್ರ ವಿದ್ವಾಂಸರು ಅನುಮತಿಸಿದ್ದಾರೆ, ಆ ಬೆಲೆ ನಗದು ಬೆಲೆಗಿಂತ ಹೆಚ್ಚಾಗಿದ್ದರೂ ಸರಿ. ಹಣ ಕೊಟ್ಟು ಅದರ ಮೇಲೆ ಹೆಚ್ಚುವರಿ ಹಣ ಪಡೆಯುವುದೇ ಬಡ್ಡಿ.

ಎರಡನೆಯ ಪಾಪ ವಿಶ್ವಾಸದ್ರೋಹ. ಡೀಲರನು ತನಗಾಗಿ ಒಳ್ಳೆಯ ದರ ಹುಡುಕುತ್ತಿದ್ದಾನೆಂದು ಗಿರಾಕಿ ನಂಬಿರುತ್ತಾನೆ. ದರ ಹೆಚ್ಚಿದಷ್ಟೂ ಅವನ ಜೇಬು ತುಂಬುತ್ತದೆಂಬುದು ಅವನಿಗೆ ಗೊತ್ತಿರುವುದಿಲ್ಲ. ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ಎಲ್ಲವನ್ನೂ ಸ್ಪಷ್ಟಪಡಿಸಿದರೆ ಅವರ ವ್ಯಾಪಾರದಲ್ಲಿ ಬರ್ಕತ್ ಇರುತ್ತದೆ. ಮುಚ್ಚಿಟ್ಟು ಸುಳ್ಳು ಹೇಳಿದರೆ ಆ ಬರ್ಕತ್ ಅಳಿಸಿಹೋಗುತ್ತದೆ. ಇದು ಹಕೀಮ್ ಬಿನ್ ಹಿಝಾಮ್(ರ)ರಿಂದ ವರದಿಯಾದ ಹದೀಸಿನ ಸಾರ. ಧಾರಣೆ ತಿಳಿಯದೆ, ಚೌಕಾಸಿಯೂ ಬಾರದೆ, ಮಾರುವವನನ್ನೇ ನಂಬಿ ಕೊಳ್ಳುವವನನ್ನು ಕರ್ಮಶಾಸ್ತ್ರಜ್ಞರು 'ಮುಸ್ತರ್ಸಿಲ್' ಎಂದು ಕರೆದಿದ್ದಾರೆ. ಅಂಥವನಿಗೆ ಮಿತಿಮೀರಿದ ಮೋಸವಾದರೆ ವ್ಯವಹಾರವನ್ನು ಮುರಿಯುವ ಹಕ್ಕು ಅವನಿಗಿದೆಯೆಂದು ಹಂಬಲೀ ವಿದ್ವಾಂಸರು ಹೇಳಿದ್ದಾರೆ. ಅಂದರೆ, ಅವನು ಆಗಲೇ ಒಪ್ಪಿದ್ದನಲ್ಲ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ನಮ್ಮ ಸಂಪಾದನೆಯಲ್ಲಿ

ಇದು ದೂರದ ದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮಲ್ಲಿಯೂ ಸಾಲದ ಗಿರಾಕಿಯನ್ನು ತಂದುಕೊಟ್ಟ ಡೀಲರನಿಗೆ ಫೈನಾನ್ಸಿನವರು ಕಮಿಷನ್ ಕೊಡುವ ರೂಢಿಯಿದೆ. ಸಾಲದ ನಿಜವಾದ ವಾರ್ಷಿಕ ವೆಚ್ಚವನ್ನು ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್‌ನಿಂದ ಕಡ್ಡಾಯಗೊಳಿಸಿದೆ. ಆದರೆ ಬಡ್ಡಿಯಿಂದ ದೂರವಿರುವವನ ಸಂಪಾದನೆಗೂ ಎರಡನೆಯ ಪಾಪ ನುಸುಳಬಹುದು. ಮನೆ ಕಟ್ಟಿಸುವವನ ಪರವಾಗಿ ಸಾಮಾನು ಕೊಳ್ಳುವ ಮೇಸ್ತ್ರಿ ಅಂಗಡಿಯವನಿಂದ ಗುಟ್ಟಾಗಿ ಹಣ ಪಡೆಯುವುದಿಲ್ಲವೇ? ಜಾಗದ ದಲ್ಲಾಳಿ ಇತ್ತಂಡದವರಿಗೂ ತಿಳಿಯದಂತೆ ಬೆಲೆ ಏರಿಸಿ ನಡುವಿನ ಹಣವನ್ನು ತಾನಿಟ್ಟುಕೊಳ್ಳುವುದಿಲ್ಲವೇ?

ದಲ್ಲಾಳಿತನ ನಿಷಿದ್ಧವಲ್ಲ. ಇಬ್ನು ಸೀರೀನ್, ಅತಾ ಮುಂತಾದ ಹಿಂದಿನ ವಿದ್ವಾಂಸರು ಅದರ ಕೂಲಿಯಲ್ಲಿ ದೋಷ ಕಂಡಿಲ್ಲ. ಅದು ನಿಶ್ಚಿತವಾಗಿರಲಿ, ಬಹಿರಂಗವಾಗಿರಲಿ.

ಝಕಾತ್ ಸಂಗ್ರಹಕ್ಕೆ ಹೋಗಿ ಬಂದ ಇಬ್ನುಲ್ಲುತ್ಬಿಯ್ಯಾ ಎಂಬವರು, ಇದು ನಿಮ್ಮದು, ಇದು ನನಗೆ ಸಿಕ್ಕಿದ ಉಡುಗೊರೆ ಎಂದರು. ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿವರ್ಯರು(ಸ) ಪ್ರಶ್ನಿಸಿದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಈ ಘಟನೆಯಿದೆ. ಇನ್ನೊಬ್ಬರ ಕೆಲಸ ಮಾಡಿಕೊಡುವ ಪ್ರತಿಯೊಬ್ಬನೂ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಈ ಹಣ ನನಗೇಕೆ ಬಂತು? ನನ್ನನ್ನು ನಂಬಿದವನಿಗೆ ಇದನ್ನು ಮುಖಕ್ಕೆ ಮುಖ ಕೊಟ್ಟು ಹೇಳಬಲ್ಲೆನೇ? ಹೇಳಲಾಗದಿದ್ದರೆ ಆ ಹಣವನ್ನು ಮಕ್ಕಳ ಬಟ್ಟಲಿಗೆ ಹಾಕುವ ಮುನ್ನ ಹಿಂತಿರುಗಿಸುವುದೇ ಕ್ಷೇಮ. ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಯಾವುದಕ್ಕೆ ಖರ್ಚು ಮಾಡಿದೆ ಎಂದು ಅಂತ್ಯದಿನದಂದು ವಿಚಾರಿಸಲಾಗುವುದು. ಅಂದು ಗಿರಾಕಿಯ ಸಹಿಯನ್ನು ತೋರಿಸಿ ಯಾರೂ ಪಾರಾಗಲಾರರು.

ಅಲ್ಲಾಹನು ನಮ್ಮೆಲ್ಲರ ಸಂಪಾದನೆಯನ್ನು ಶುದ್ಧಗೊಳಿಸಲಿ. ಆಮೀನ್.